ಬಂದ ಕಾರಣ

"ಮೆಜೆಸ್ಟಿಕ್ ಬಂತ್ರೀ, ಇಳಿಯೋರು ಇಳೀರಿ" ಎನ್ನುತ್ತ ಕಂಡಕ್ಟರ್ ಬಸ್ಸಿನ ದೀಪ ಹಾಕುತ್ತಾನೆ. ಅವ್ವ ಆಗಲೇ ತಯಾರಾಗಿದ್ದಾಳೆ. ತುಮಕೂರು ದಾಟಿದಾಗಿನಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಡಿಲಲ್ಲಿ ಬುತ್ತಿಗಂಟು ಹಿಡಿದು ನೆಟ್ಟಗೆ ಕೂತವಳು ಅವಳು. ರಾತ್ರಿ ಗಂಗಾವತಿಯಲ್ಲಿ ಹತ್ತಿದ ಬಸ್ಸು. ಈಗ ನಾಲ್ಕೂ ಮುಕ್ಕಾಲು. ಕಾಲು ನೆಲಕ್ಕೆ ತಾಗುವ ಮೊದಲೇ ವಾಸನೆ ಬಂದು ಮುಖಕ್ಕೆ ತಾಗುತ್ತದೆ: ಡೀಸೆಲ್ಲು, ರಾತ್ರಿ ಬಿದ್ದ ಮಳೆಗೆ ನೆಂದ ಕಾಂಕ್ರೀಟು, ಎಲ್ಲೋ ಕುದಿಯುತ್ತಿರುವ ಹಾಲು. ಆಮೇಲೆ ದನಿಗಳು. "ಆಟೋ ಸಾರ್, ಎಲ್ಲಿಗೆ ಸಾರ್?" "ರೂಮ್ ಬೇಕಾ ಸಾರ್, ರೂಮ್?"

ಎರಡನೆಯ ಪ್ರಶ್ನೆಗೆ ನಾನು ಈಗ ತಲೆ ಎತ್ತುವುದಿಲ್ಲ. ಮೊದಲ ಸಲ ಬಂದಾಗ ಎತ್ತಿದ್ದೆ. ಒಬ್ಬ ನನ್ನ ಕೈಯ ಬ್ಯಾಗನ್ನು ತಾನೇ ಹೊತ್ತು ಮುಂದೆ ನಡೆದ. ಕಿಟಕಿ ಇಲ್ಲದ ಕೋಣೆಗೆ ನಾವು ಎರಡರಷ್ಟು ಬಾಡಿಗೆ ತೆತ್ತೆವು, ಅರ್ಧ ಅವನ ಕಮಿಷನ್ನು. ಅವ್ವನ ಒಂದು ತಿಂಗಳ ಮಾತ್ರೆಯ ದುಡ್ಡು ಅದು. ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ, ರೋಗಿಯನ್ನು ಕರೆದುಕೊಂಡು, ದಿಕ್ಕು ಗೊತ್ತಿಲ್ಲದ ಊರಲ್ಲಿ ಇಳಿದವರಿಂದ ಕಿತ್ತುಕೊಳ್ಳುವುದು ಸಣ್ಣ ತಪ್ಪಲ್ಲ.

ಇದು ನಾಲ್ಕನೆಯ ಸಲ. ಈಗ ದಾರಿ ಗೊತ್ತಿದೆ. ಅವ್ವ ನನ್ನ ಎಡ ಮೊಣಕೈ ಹಿಡಿದಿದ್ದಾಳೆ. ಬಲಗಣ್ಣು ಅವಳಿಗೆ ಮಂಜು ಕವಿದ ಹಾಗೆ. ಎಡಗಣ್ಣಲ್ಲಿ ದೀಪಗಳು ಮಾತ್ರ ದೊಡ್ಡ ದೊಡ್ಡ ಹೂವಾಗಿ ಕಾಣುತ್ತವಂತೆ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಜನ ಮಲಗಿದ್ದಾರೆ. ಚೀಲವನ್ನೇ ತಲೆದಿಂಬು ಮಾಡಿಕೊಂಡವರು, ಮಗುವನ್ನು ಹೊಟ್ಟೆಗೆ ಅವಚಿಕೊಂಡವರು, ಬೀದರಿನ ಬಸ್ಸು ಎಷ್ಟೊತ್ತಿಗೆ ಎಂದು ಎಚ್ಚರಾದಾಗಲೆಲ್ಲ ಕೇಳುವವರು. ನಾವು ಅವರ ಕಾಲುಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತೇವೆ.

"ಇದು ಕೆರಿ ಇತ್ತಲ್ಲ?" ಎನ್ನುತ್ತಾಳೆ ಅವ್ವ. ಹಿಂದಿನ ಸಲ ಹೇಳಿದ್ದೆ. ನೆನಪಿಟ್ಟುಕೊಂಡಿದ್ದಾಳೆ. ಹೌದು, ಸಾವಿರಾರು ಬಸ್ಸು ಬಂದು ತಿರುಗುವ ಈ ಜಾಗ ಧರ್ಮಾಂಬುಧಿ ಕೆರೆ. ಹಳೆಯ ಪೇಟೆಯ ಜನ ಇದರ ನೀರನ್ನೇ ಕುಡಿದು ಬದುಕಿದ್ದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಕೆರೆಯನ್ನು ಕೇಳುವವರಿಲ್ಲದಾಯಿತು. ಬತ್ತಿತು, ಮೈದಾನವಾಯಿತು, ಬಸ್ ನಿಲ್ದಾಣವಾಯಿತು. ಪಕ್ಕದ ರಸ್ತೆಯನ್ನು ಇವತ್ತಿಗೂ ಟ್ಯಾಂಕ್ ಬಂಡ್ ರಸ್ತೆ ಎನ್ನುತ್ತಾರೆ. ಏರಿ ಉಳಿದುಕೊಂಡಿದೆ, ನೀರಿಲ್ಲ. "ಮಳಿ ಬಂದಾಗ ಇಲ್ಲಿ ನೀರು ನಿಂದರತೈತಿ ಅಂದ್ರ ಮತ್ತ ಯಾಕ ಸಿಟ್ಟಾಗ್ತಾರ ಜನ" ಎನ್ನುತ್ತ ಅವ್ವ ಗುಂಡಿಯೊಂದನ್ನು ಕಾಲಿನಿಂದಲೇ ಗುರುತಿಸಿ ದಾಟುತ್ತಾಳೆ.

ರಸ್ತೆ ದಾಟಿ ಗಾಂಧಿನಗರದ ಅಡ್ಡರಸ್ತೆಗೆ ಹೊಕ್ಕರೆ ಎರಡೂ ಕಡೆ ಲಾಡ್ಜುಗಳು. ಒಂದರ ಬೋರ್ಡಿನಲ್ಲಿ ಅಕ್ಷರಗಳು ಅರ್ಧ ಉರಿಯುತ್ತಿವೆ, ಒಂದರ ಶಟರ್ ಮೊಣಕಾಲಿನವರೆಗೆ ಮಾತ್ರ ಎತ್ತಿದೆ. ನಮ್ಮದು ಮೂರಂತಸ್ತಿನದು, ಅಗಲ ಕಡಿಮೆ, ಉದ್ದ ಜಾಸ್ತಿ. ಬಾಗಿಲಲ್ಲೇ ಮೆಟ್ಟಿಲು, ಮೆಟ್ಟಿಲ ಕೆಳಗಿನ ಸಂದಿಯಲ್ಲೇ ಕೌಂಟರು. ಗೋಡೆಯಲ್ಲಿ ಧರ್ಮಸ್ಥಳದ ಮಂಜುನಾಥ, ಕೊಲ್ಲೂರಿನ ಮೂಕಾಂಬಿಕೆ, ಪಕ್ಕದಲ್ಲೊಂದು ಕ್ಯಾಲೆಂಡರು, ಬಾಡಿಗೆಯ ಪಟ್ಟಿ. ಮ್ಯಾನೇಜರು ಕುಂದಾಪುರದ ಕಡೆಯವರು. ಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದವರು ನಮ್ಮ ಚಪ್ಪಲಿಯ ಸದ್ದಿಗೆ ಕಣ್ಣು ತೆರೆಯುತ್ತಾರೆ.

"ಬನ್ನಿ ಅಮ್ಮ, ಬನ್ನಿ. ನಿನ್ನೆಯೇ ಎಣಿಸಿದ್ದೆ, ನಿಮ್ಮ ತಾರೀಖು ಬಂತಲ್ಲ ಅಂತ. ಮೇಲೆ ಹತ್ತುವುದು ಬೇಡ, ಫಸ್ಟ್ ಫ್ಲೋರೇ ಇಟ್ಟಿದ್ದೇನೆ. 107."

"ತಣ್ಣಗಿರಪ್ಪಾ" ಎನ್ನುತ್ತಾಳೆ ಅವ್ವ.

ಉದ್ದನೆಯ ರಿಜಿಸ್ಟರು ನನ್ನ ಕಡೆ ತಿರುಗುತ್ತದೆ. ಹೆಸರು, ಊರು, ವಯಸ್ಸು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುವಿರಿ, ಬಂದ ಕಾರಣ, ಎಷ್ಟು ದಿನ, ಸಹಿ. ಆಧಾರ್ ಜೆರಾಕ್ಸು ಅದರ ನಡುವೆ ಸೇರುತ್ತದೆ. ಬರೆಯುವಾಗ ಕಣ್ಣು ತಾನಾಗಿಯೇ ಮೇಲಿನ ಸಾಲುಗಳಿಗೆ ಹೋಗುತ್ತದೆ. ಬೇರೆ ಬೇರೆ ಕೈಬರಹದಲ್ಲಿ, 'ಬಂದ ಕಾರಣ'ದ ಕೆಳಗೆ: ಪರೀಕ್ಷೆ. ವ್ಯಾಪಾರ. ವ್ಯಾಪಾರ. ಆಸ್ಪತ್ರೆ. ಕೋರ್ಟು. ಪಾಸ್‌ಪೋರ್ಟ್. ಸ್ವಂತ ಕೆಲಸ. ವಿಧಾನಸೌಧ. ಮದುವೆ. ಆಸ್ಪತ್ರೆ. ಒಬ್ಬ ಹಾವೇರಿಯವನು 'ಸಿನಿಮಾ' ಎಂದು ಬರೆದಿದ್ದಾನೆ. ನೋಡಲೋ ಮಾಡಲೋ ಹೇಳಿಲ್ಲ. ಗಾಂಧಿನಗರದಲ್ಲಿ ಎರಡನೆಯದೇ ಇರಬೇಕು. ಕನ್ನಡ ಚಿತ್ರರಂಗಕ್ಕೆ ಇನ್ನೊಂದು ಹೆಸರೇ ಗಾಂಧಿನಗರ; ಎಷ್ಟೋ ಹುಡುಗರು ಇಂಥ ಕೋಣೆಗಳಲ್ಲಿ ಮೂವರು ನಾಲ್ವರು ಬಾಡಿಗೆ ಹಂಚಿಕೊಂಡು ಅವಕಾಶಕ್ಕೆ ಕಾದವರು. ಈ ಪ್ರದೇಶಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರವೇ ಈಗಿಲ್ಲ. ಸಾಗರ್ ಇಲ್ಲ, ಕಪಾಲಿ ಇಲ್ಲ. ಹಾವೇರಿಯ ಹುಡುಗ ಇನ್ನೂ ಬರುತ್ತಾನೆ.

ನಾನು 'ಆಸ್ಪತ್ರೆ' ಎಂದು ಬರೆಯುತ್ತೇನೆ. ಗೋಡೆಯ ಗಡಿಯಾರದಲ್ಲಿ ಐದೂ ಹತ್ತು. ಮ್ಯಾನೇಜರು ಪೆನ್ನು ತೆಗೆದುಕೊಂಡು ಬಂದ ಸಮಯದ ಜಾಗದಲ್ಲಿ 6:00 ಎಂದು ಬರೆಯುತ್ತಾರೆ.

ಲಾಡ್ಜಿನ ಲೆಕ್ಕ ಗೊತ್ತಿಲ್ಲದವರಿಗೆ ಇದು ಏನೆಂದು ತಿಳಿಯಲಿಕ್ಕಿಲ್ಲ. ಇಲ್ಲಿ '24 ಗಂಟೆ ಚೆಕ್‌ಔಟ್'. ನೀವು ಸಹಿ ಮಾಡಿದ ಗಳಿಗೆಯಿಂದ ನಿಮ್ಮ ದಿನ ಶುರು. ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಸುವ ದೊಡ್ಡ ಹೋಟೆಲಿನಲ್ಲಿ ಬೆಳಗಿನ ಐದಕ್ಕೆ ಬಂದಿಳಿದರೆ ಏಳು ಗಂಟೆಯ ನಿದ್ದೆಗೆ ಒಂದು ದಿನದ ಬಾಡಿಗೆ ಹೋಗುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದು, ಹಗಲು ಕೆಲಸ ಮುಗಿಸಿ, ಮತ್ತೆ ರಾತ್ರಿ ಬಸ್ಸು ಹಿಡಿಯುವ ನಮ್ಮಂಥವರ ದಿನಚರಿಗೆ ಹೊಂದಿಸಿಯೇ ಈ ಪದ್ಧತಿ ಬೆಳೆದಿದೆ. ಐದೂ ಹತ್ತನ್ನು ಆರು ಎಂದು ಬರೆದರೆ ನಮಗೆ ಐವತ್ತು ನಿಮಿಷ ಸಿಕ್ಕಿತು. ನಾಳೆ ಬೆಳಿಗ್ಗೆ ಅವ್ವ ಅವಸರವಿಲ್ಲದೆ ಸ್ನಾನ ಮಾಡಬಹುದು.

ಬಾಡಿಗೆ 900 ರೂಪಾಯಿ, ಮೇಲೆ ತೆರಿಗೆ. ದಿನಕ್ಕೆ 1000 ರೂಪಾಯಿಯೊಳಗಿನ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಬಿತ್ತು, 2025ರ ಸೆಪ್ಟೆಂಬರಿನಲ್ಲಿ ಶೇ. 5ಕ್ಕೆ ಇಳಿಯಿತು. ಇಳಿದದ್ದು ಒಳ್ಳೆಯದೇ. ಆದರೆ ನನ್ನ ಮಟ್ಟಿಗೆ, ಆಸ್ಪತ್ರೆಯ ಚೀಟಿ ಹಿಡಿದು ಬಂದವರು ಮೈ ಚಾಚುವ ಮಂಚದ ಮೇಲೆ ತೆರಿಗೆ ಇರಲೇಬಾರದಿತ್ತು.

ರೂಮಿನ ಹುಡುಗ ಬೀಗದ ಕೈ ಹಿಡಿದು ಮುಂದೆ ನಡೆಯುತ್ತಾನೆ. ಒಡಿಶಾದ ಗಂಜಾಂ ಜಿಲ್ಲೆಯವನು. ಅವನ ಕನ್ನಡವನ್ನು ಕೇಳಬೇಕು. ಗಿರಾಕಿಗಳಿಂದಲೇ ಕಲಿತದ್ದು, ಆದ್ದರಿಂದ ಎಲ್ಲ ಜಿಲ್ಲೆಯದೂ ಅದರಲ್ಲಿದೆ. ನಮಗೆ "ಬಿಸಿನೀರು ಐದೂವರಿಗೆ ಬರ್ತೈತ್ರಿ" ಎನ್ನುತ್ತಾನೆ. ಎದುರು ಕೋಣೆಯಿಂದ ತಲೆ ಹಾಕಿದ ಮಂಗಳೂರಿನವರಿಗೆ ಅದೇ ಉಸಿರಿನಲ್ಲಿ "ಉಂಟು, ಉಂಟು" ಎನ್ನುತ್ತಾನೆ.

ಬಾಗಿಲು ತೆರೆದರೆ ಫಿನಾಯಿಲ್ ವಾಸನೆ, ಅದರ ಕೆಳಗೆ ಹಳೆಯ ಗೋಡೆಯ ತೇವ. ಎರಡು ಕಬ್ಬಿಣದ ಮಂಚ, ರೆಕ್ಸಿನ್ ಹೊದೆಸಿದ ಗಾದಿ, ಮೂಲೆಯಲ್ಲಿ ಲಾಡ್ಜಿನ ಹೆಸರು ಅಚ್ಚೊತ್ತಿದ ಬಿಳಿ ಬೆಡ್‌ಶೀಟು. ಒಂದು ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಹಿಂದೆ ಸೂಚನೆ: ಕೋಣೆಯಲ್ಲಿ ಅಡುಗೆ ಮಾಡಬಾರದು, ಬೆಲೆಬಾಳುವ ವಸ್ತುಗಳಿಗೆ ನಾವು ಹೊಣೆಯಲ್ಲ. ಕಿಟಕಿ ಹೊರಗೆ ತೆರೆಯುವುದಿಲ್ಲ, ಎರಡು ಕಟ್ಟಡಗಳ ನಡುವಿನ ಸಂದಿಗೆ ತೆರೆಯುತ್ತದೆ. ಅಲ್ಲಿ ನೀರಿನ ಪೈಪುಗಳು, ಪಾರಿವಾಳಗಳು, ಮೇಲೆ ಒಂದು ಗೇಣು ಆಕಾಶ. ಕನ್ನಡಿಯ ಅಂಚಿನಲ್ಲಿ ಹೆಂಗಸರು ಅಂಟಿಸಿಹೋದ ಹಣೆಬೊಟ್ಟಿನ ಬಿಲ್ಲೆಗಳು, ಕೆಂಪು, ಕಂದು, ಕರಿ. ಮುಖ ತೊಳೆಯುವ ಮೊದಲು ತೆಗೆದು ಅಂಟಿಸಿದ್ದು, ಹೊರಡುವ ಗಡಿಬಿಡಿಯಲ್ಲಿ ಮರೆತದ್ದು. ಹುಡುಗ ಕನ್ನಡಿ ಒರೆಸುತ್ತಾನೆ, ಆದರೆ ಅವನ್ನು ಕೀಳುವುದಿಲ್ಲ. ಯಾಕೆಂದು ಹಿಂದಿನ ಸಲ ಕೇಳಿದ್ದೆ. "ಯಾರಾದ್ರೂ ವಾಪಸ್ ಬಂದ್ರೆ?" ಎಂದಿದ್ದ.

ಐದೂವರೆಗೆ ಗೋಡೆಯೊಳಗಿನ ಪೈಪು ಕೆಮ್ಮತೊಡಗುತ್ತದೆ. ಮೊದಲು ಗಾಳಿ, ಆಮೇಲೆ ತಣ್ಣೀರು, ಒಂದು ಬಕೆಟ್ ಹೋದ ಮೇಲೆ ಬಿಸಿ. ಛಾವಣಿಯ ಸೋಲಾರ್ ನೀರು ಎಲ್ಲ ಮಹಡಿಗೂ ಸಾಲಬೇಕು. ಆರೂವರೆಯ ಮೇಲೆ ಎದ್ದವರಿಗೆ ಉಗುರುಬೆಚ್ಚಗಿನದೇ ಗತಿ. ಮೇಲಿನ ಮಹಡಿಯಲ್ಲಿ ಬಕೆಟ್ ಎಳೆಯುವ ಸದ್ದು, ಯಾರೋ ಗಂಟಲು ಕ್ಯಾಕರಿಸುವುದು, ಯಾರದೋ ಮೊಬೈಲಿನಲ್ಲಿ ವೆಂಕಟೇಶ ಸುಪ್ರಭಾತ, ರೈಲ್ವೆ ನಿಲ್ದಾಣದ ಕಡೆಯಿಂದ ಗಾಳಿಗೆ ಬಂದು ಹೋಗುವ ಪ್ರಕಟಣೆ. ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ಮಂಚದ ತುದಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಾಳೆ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಪುಡಿ, ಮೊಸರು. ಕೆಳಗಿನ ದರ್ಶಿನಿಯಲ್ಲಿ ತಟ್ಟೆ ಇಡ್ಲಿ ಸಿಗುತ್ತದೆ, ನನಗೆ ಅದು ಇಷ್ಟವೂ ಹೌದು. ಆದರೆ ಅವ್ವ ರೊಟ್ಟಿ ಮುರಿಯುವ ಆ 'ಕಟ್' ಸದ್ದಿಗೆ ಕೋಣೆ ನಮ್ಮದಾಗುತ್ತದೆ.

ಆಸ್ಪತ್ರೆಗೆ ಮೆಟ್ರೋದಲ್ಲಿ ಹೋಗುತ್ತೇವೆ. ಮೆಜೆಸ್ಟಿಕ್ ನಿಲ್ದಾಣ ನೆಲದ ಕೆಳಗೆ ಎರಡು ಮಾರ್ಗಗಳು ಕೂಡುವ ಜಾಗ, ಇಳಿದಷ್ಟೂ ಇಳಿಯಬೇಕು. ಎಸ್ಕಲೇಟರ್ ಎದುರು ಅವ್ವ ನಿಂತೇಬಿಡುತ್ತಾಳೆ. ಹರಿಯುವ ಮೆಟ್ಟಿಲಿನ ಅಂಚು ಅವಳ ಕಣ್ಣಿಗೆ ಸಿಗುವುದಿಲ್ಲ. ಲಿಫ್ಟಿಗೆ ಹೋಗೋಣವೆಂದರೆ ಕೇಳದೆ, ಹೊಳೆಗೆ ಕಾಲಿಡುವವಳ ಹಾಗೆ ಸೀರೆಯ ನೆರಿಗೆ ಎತ್ತಿ ಹಿಡಿದು, "ಹೂಂ, ನಡಿ" ಎನ್ನುತ್ತಾಳೆ. ಹಸಿರು ಮಾರ್ಗದಲ್ಲಿ ಎರಡೇ ನಿಲ್ದಾಣ: ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ. ಮೇಲೆ ಬಂದರೆ ಹೂವಿನ ವಾಸನೆ, ಹೆಗಲಮೇಲೆ ಮೂಟೆ ಹೊತ್ತು ಓಡುವವರು, ಅಲ್ಲಿಂದ ಮುಂದೆ ಮಿಂಟೋ.

ಮಿಂಟೋ ಕಣ್ಣಿನಾಸ್ಪತ್ರೆಯ ಕಥೆ 1896ರಲ್ಲಿ ಚಿಕ್ಕಪೇಟೆಯ ಒಂದು ಸಣ್ಣ ಔಷಧಾಲಯವಾಗಿ ಶುರುವಾದದ್ದು. ಅವ್ವನಿಗೆ ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಸೋರಿ ಪರದೆ ಊದಿಕೊಂಡಿದೆ. ಕಣ್ಣಿನೊಳಕ್ಕೇ ಸೂಜಿಯಲ್ಲಿ ಔಷಧಿ ಹಾಕುತ್ತಾರೆ, ತಿಂಗಳಿಗೊಂದು. ಮರಗಟ್ಟಿಸುವ ಹನಿ ಬಿಟ್ಟ ಮೇಲೆ ಸೂಜಿಯ ಕೆಲಸ ಒಂದು ನಿಮಿಷದ್ದು. ಕಾಯುವುದು ಮಾತ್ರ ಇಡೀ ಹಗಲು. ಇರುವ ದೃಷ್ಟಿ ಇನ್ನಷ್ಟು ಹೋಗದಂತೆ ತಡೆಯುವುದು ಮೊದಲ ಗುರಿ, ಮಂಜು ತಿಳಿಯಾದರೆ ಅದು ಭಾಗ್ಯ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ. ಸಂಜೆ ನಾಲ್ಕಕ್ಕೆ ಬಲಗಣ್ಣಿಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಅವ್ವ ಹೊರಬರುತ್ತಾಳೆ.

ಈಗ 107ರಲ್ಲಿ ಅವ್ವ ಮಂಚದ ಮೇಲೆ ಅಂಗಾತ ಮಲಗಿದ್ದಾಳೆ. ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. ನಾನು ದೀಪ ಆರಿಸಿದ್ದೇನೆ.

"ನಾಕು ಕೋಣಿ ಆಚಿ ಯಾರೋ ಸೀರಿ ಬಿಚ್ಚಿ ಹಾಸಾಕ್ಹತ್ಯಾರ" ಎನ್ನುತ್ತಾಳೆ. ನನಗೆ ಏನೂ ಕೇಳಿಸುವುದಿಲ್ಲ. ಎದ್ದು ಹೋಗಿ ನೋಡಿದರೆ ಹೌದು: ರಬಕವಿಯ ವ್ಯಾಪಾರಿಯೊಬ್ಬರು ಬಾಗಿಲು ತೆರೆದಿಟ್ಟು, ಎರಡೂ ಮಂಚದ ಮೇಲೆ ಸೀರೆಗಳನ್ನು ಹರಡಿ, ನಾಳೆ ಚಿಕ್ಕಪೇಟೆಗೆ ಒಯ್ಯುವವನ್ನು ಬೇರೆ ಜೋಡಿಸುತ್ತಿದ್ದಾರೆ. ಕೂತುಕೊಳ್ಳಲು ಅವರಿಗೇ ಜಾಗವಿಲ್ಲ. ಹತ್ತಿಯ ಗಂಜಿಯ ವಾಸನೆ ಕಾರಿಡಾರಿನಲ್ಲಿ ತುಂಬಿದೆ. ಅವ್ವ ಕೇಳಿದ್ದು ಆ ಗಂಜಿಯ ಗರಿ ಮುರಿಯುವ ಸದ್ದು.

ಪಟ್ಟಿ ಕಟ್ಟಿದ ರಾತ್ರಿ ಅವಳು ಹೀಗೆ ಇಡೀ ಲಾಡ್ಜನ್ನು ಕಿವಿಯಲ್ಲೇ ಸುತ್ತಿ ಬರುತ್ತಾಳೆ. ಮೇಲಿನ ಮಹಡಿಯ ಮಗುವಿಗೆ ಹೊಟ್ಟೆನೋವು, ಅಳುವ ರೀತಿಯಿಂದ ಗೊತ್ತಾಗುತ್ತದಂತೆ. ಮೆಟ್ಟಿಲಲ್ಲಿ ಬಂದವರ ಒಂದು ಕಾಲು ಊನ. ಹೊರಗೆ ಬಿಎಂಟಿಸಿ ಬಸ್ಸು ಬ್ರೇಕು ಒತ್ತಿದಾಗ ಉಸಿರು ಬಿಡುವ ಸದ್ದು, ಕಡಲೆಕಾಯಿ ಮಾರುವವನು ಬಾಣಲೆಗೆ ಸೌಟು ಬಡಿಯುವುದು, ಯಾರೋ ಹೆಂಗಸು ಫೋನಿನಲ್ಲಿ "ಊಟ ಆಯ್ತು, ಆಯ್ತು, ರೂಮು ಚೆನ್ನಾಗಿದೆ" ಎನ್ನುವುದು. "ಸುಳ್ಳು ಹೇಳಾಕ್ಹತ್ಯಾಳ. ಉಂಡಿಲ್ಲ ಅಕಿ" ಎನ್ನುತ್ತಾಳೆ ಅವ್ವ.

ಒಂಬತ್ತರ ಹೊತ್ತಿಗೆ ಪಕ್ಕದ 108ರ ಗೋಡೆಯಿಂದ ಗಂಡುದನಿಯೊಂದು ಶುರುವಾಗುತ್ತದೆ. ಗೋಡೆಯೆಂದರೆ ಹೆಸರಿಗೆ ಮಾತ್ರ. ದೊಡ್ಡ ಕೋಣೆಯನ್ನು ಎರಡು ಮಾಡಲು ಹಾಕಿದ ಹಲಗೆ. ಹುಡುಗ ಕೋಣೆಯಲ್ಲಿ ಅತ್ತಿತ್ತ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದಾನೆ. ದನಿ ಬಾಗಿಲ ಹತ್ತಿರ ಹೋಗಿ ಸಣ್ಣದಾಗುತ್ತದೆ, ನಮ್ಮ ಕಡೆ ಬಂದು ದೊಡ್ಡದಾಗುತ್ತದೆ. "ಹೈದರಾಬಾದ್ ವಿಮೋಚನೆ, 1948 ಸೆಪ್ಟೆಂಬರ್ 17. ರಾಜ್ಯಗಳ ಪುನರ್ವಿಂಗಡಣೆ, 1956 ನವೆಂಬರ್ 1. ಕರ್ನಾಟಕ ಎಂದು ನಾಮಕರಣ, 1973 ನವೆಂಬರ್ 1, ದೇವರಾಜ ಅರಸು. 371 ಜೆ, 98ನೇ ತಿದ್ದುಪಡಿ, 2012." ಮತ್ತೆ ಮೊದಲಿನಿಂದ. ಮತ್ತೆ.

ಐದಾರು ಸಲ ಆದ ಮೇಲೆ ಅವ್ವ ಬೆರಳ ಗೆಣ್ಣಿನಿಂದ ಹಲಗೆಯನ್ನು ತಟ್ಟುತ್ತಾಳೆ. ಆಚೆ ಮೌನ. "ಸಾರಿ ರೀ, ಸೌಂಡ್ ಆತೇನ್ರಿ?" ಎನ್ನುತ್ತದೆ ದನಿ.

"ಇಲ್ಲಪಾ, ಓದು. ಯಾವೂರು?"

"ಸುರಪುರ ತಾಲೂಕರೀ, ಯಾದಗಿರಿ ಜಿಲ್ಲಾ. ನಾಡಿದ್ದು ಎಕ್ಸಾಮ್ ಐತ್ರಿ."

"ನೀ ಏನೋ ವಿಮೋಚನಾ ಅಂದೆಲ್ಲ, ಅದನ್ನ ನಮ್ಮವ್ವ ಪೊಲೀಸ್ ಆಕ್ಷನ್ ಅಂತಿದ್ಲು. ಅದಕ್ಕೂ ಮೊದಲ ರಜಾಕಾರರ ಗದ್ದಲದಾಗ, ಅಕಿ ಇನ್ನೂ ಲಗ್ನ ಆಗದ ಹುಡುಗಿ, ರಾತ್ರೋರಾತ್ರಿ ಹರಿಗೋಲಿನ್ಯಾಗ ಹೊಳಿ ದಾಟಿ ಕಂಪ್ಲಿಗೆ ಹೋದ್ರಂತ. ಹೊಳಿ ಈಚಿ ನಿಜಾಮಂದು, ಆಚಿ ಆಗಲೇ ಸ್ವಾತಂತ್ರ್ಯ ಬಂದಿತ್ತು. ಯಾರದೋ ಮನಿ ಪಡಸಾಲ್ಯಾಗ ಒಂದು ತಿಂಗಳು ಇದ್ರು. ಪರಿಚಯ ಇಲ್ಲ, ಜಾತಿ ಗೊತ್ತಿಲ್ಲ. ಬಾಡಿಗಿ ಕೇಳಲಿಲ್ಲಂತ. ಹೊಂಟಾಗ ಆ ಮನಿಯಾಕಿ ಉಡಿಗೆ ಒಂದು ಸೇರು ಜೋಳ ಹಾಕಿ ಕಳಿಸಿದ್ಲಂತ. ಇದು ನಿನ್ನ ಪುಸ್ತಕದಾಗ ಇರಂಗಿಲ್ಲ, ಆದ್ರೂ ಕೇಳು."

ಹಲಗೆಯ ಆಚೆ ನಡಿಗೆ ನಿಂತಿದೆ. ಮಂಚ ಕಿರುಗುಟ್ಟುತ್ತದೆ, ಹುಡುಗ ಗೋಡೆಗೆ ಒರಗಿ ಕೂತಿರಬೇಕು. "ಆಮ್ಯಾಲ ಅಜ್ಜಿ?" ಎನ್ನುತ್ತಾನೆ.

ಅವ್ವ ಹೇಳುತ್ತಾಳೆ. ನನಗೆ ಎಂದೂ ಹೇಳದ ಎಷ್ಟೋ ಸಂಗತಿಗಳನ್ನು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಛಾವಣಿಯ ಕಡೆ ಮುಖ ಮಾಡಿ, ಕಾಣದ ಹುಡುಗನಿಗೆ ಹೇಳುತ್ತಾಳೆ. ಎರಡು ಹಾಸಿಗೆಗಳ ನಡುವೆ ಆ ಹಲಗೆ ಇಲ್ಲದಿದ್ದರೆ ಇಷ್ಟು ಹೇಳುತ್ತಿರಲಿಲ್ಲವೇನೋ. ನಾನು ಕತ್ತಲಲ್ಲಿ ಕೂತು ಕೇಳುತ್ತೇನೆ. ಆ ಹುಡುಗನಿಗೆ 371 ಜೆ ಎಂದರೆ ಒಂದು ಅಂಕದ ಪ್ರಶ್ನೆ, ಜೊತೆಗೆ ಅವನ ಕೆಲಸದ ಆಸೆಯೂ ಅದೇ. ಕಲ್ಯಾಣ ಕರ್ನಾಟಕದವನೆಂದು ಅವನಿಗೆ ಸಿಗುವ ಮೀಸಲು ಅದರಿಂದ ಬಂದದ್ದು. ಅವ್ವನಿಗೆ ಆ ಸಂಖ್ಯೆ ಗೊತ್ತಿಲ್ಲ. ಅದರ ಹಿಂದಿನ ಕತ್ತಲ ಹೊಳೆ ಗೊತ್ತು. ಗಂಗಾವತಿಯವಳು ಮತ್ತು ಸುರಪುರದವನು ಇದನ್ನು ಮಾತಾಡಿಕೊಳ್ಳಲು ಇಬ್ಬರೂ ರಾತ್ರಿಯಿಡೀ ಪ್ರಯಾಣ ಮಾಡಿ, ಬತ್ತಿದ ಕೆರೆಯೊಂದರ ಪಕ್ಕದ ಲಾಡ್ಜಿಗೆ ಬರಬೇಕಾಯಿತು.

ಹನ್ನೊಂದಕ್ಕೆ ರೂಮಿನ ಹುಡುಗ ಬಾಗಿಲು ತಟ್ಟಿ ಕುಡಿಯುವ ನೀರಿನ ಬಾಟಲಿ ಇಟ್ಟು ಹೋಗುತ್ತಾನೆ. ಹೊರಗೆ ಗದ್ದಲ ಕಡಿಮೆಯಾಗಿಲ್ಲ, ದನಿಗಳು ಮಾತ್ರ ಬದಲಾಗಿವೆ. ಮೆಜೆಸ್ಟಿಕ್ ಮಲಗುವುದನ್ನು ನಾನು ನೋಡಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿ, ದೀಪ ಹಾಕಿ ನೋಡಿ, ಹನಿಯ ಚೀಟಿ ಬರೆದು ಕಳಿಸುತ್ತಾರೆ. ಎಲ್ಲ ಸರಿಯಾಗಿದೆ. ಬಸ್ಸು ಇರುವುದು ರಾತ್ರಿ. ಕೋಣೆಯನ್ನು ಬಿಟ್ಟಾಗಿದೆ, ಬ್ಯಾಗು ಕೌಂಟರಿನ ಹಿಂದಿದೆ. ಅವ್ವನಿಗೆ ಅಣ್ಣಮ್ಮನ ಗುಡಿಗೆ ಹೋಗಬೇಕು.

ಸುಬೇದಾರ್ ಛತ್ರ ರಸ್ತೆಯಲ್ಲಿ ನಡೆಯುತ್ತೇವೆ. ಜನ ಎಸ್.ಸಿ. ರೋಡ್ ಎಂದು ಚಿಕ್ಕದು ಮಾಡಿದ್ದಾರೆ. ಅದರೊಳಗಿನ ಛತ್ರ ಕಾಣೆಯಾಗಿದೆ. ಹೋಟೆಲು ಎಂಬ ಮಾತು ಬರುವ ಮೊದಲು ದಾರಿಹೋಕರಿಗೆ ಇದ್ದದ್ದು ಛತ್ರ, ಅರವಟ್ಟಿಗೆ. ಇಲ್ಲಿಂದ ರೈಲ್ವೆ ನಿಲ್ದಾಣದ ಕಡೆ ಹೋದರೆ ಗುಬ್ಬಿ ತೋಟದಪ್ಪನವರ ಛತ್ರವಿದೆ. ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ದುಡಿದ ತೋಟದಪ್ಪನವರಿಗೆ ಮಕ್ಕಳಿರಲಿಲ್ಲ. ಆಸ್ತಿಯನ್ನು ಪ್ರಯಾಣಿಕರಿಗೂ ಓದುವ ಹುಡುಗರಿಗೂ ಬಿಟ್ಟರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆ ಛತ್ರವನ್ನು ಆರಂಭಿಸಿಕೊಟ್ಟರು. ರೈಲಿಳಿದವನು ಮೊದಲು ಕಾಣಬೇಕಾದದ್ದು ಒಂದು ಸೂರು ಎಂದು ಆ ವ್ಯಾಪಾರಿಗೆ ಹೊಳೆದಿತ್ತು. ಮೆಜೆಸ್ಟಿಕ್ಕಿನ ಲಾಡ್ಜುಗಳ ಬಗ್ಗೆ ಜನ ಮೂಗು ಮುರಿಯುವುದನ್ನು ಕೇಳಿದಾಗಲೆಲ್ಲ ನನಗೆ ಆ ಛತ್ರ ನೆನಪಾಗುತ್ತದೆ. ಇವು ದುಡ್ಡು ತೆಗೆದುಕೊಳ್ಳುತ್ತವೆ, ಕೆಲವು ಹೆಚ್ಚಾಗಿಯೇ ತೆಗೆದುಕೊಳ್ಳುತ್ತವೆ, ಕೊಳಕು ಇದೆ, ದಲ್ಲಾಳಿಗಳಿದ್ದಾರೆ. ಆದರೂ ಬೀದರಿನಿಂದ ಚಾಮರಾಜನಗರದವರೆಗೆ ರಾಜಧಾನಿಯಲ್ಲಿ ಕೆಲಸವಿರುವ, ನೆಂಟರಿಲ್ಲದ, ಜಾಸ್ತಿ ದುಡ್ಡೂ ಇಲ್ಲದ ಮನುಷ್ಯನಿಗೆ ಈ ಊರು ತೆರೆದಿಟ್ಟಿರುವ ಬಾಗಿಲು ಇದೇ. ಹಳೆಯ ಕಟ್ಟಡ ಒಂದೊಂದಾಗಿ ಬಿದ್ದು ಗಾಜಿನದು ಏಳುವಾಗ ನಾನು ಮೊದಲು ನೋಡುವುದು ಬಾಡಿಗೆಯ ಪಟ್ಟಿಯನ್ನು.

ಅಣ್ಣಮ್ಮನ ಗುಡಿಯಲ್ಲಿ ಏಳು ಅಕ್ಕತಂಗಿಯರು ಸಾಲಾಗಿ ಕೂತಿದ್ದಾರೆ. ಬೆಂಗಳೂರಿನ ಗ್ರಾಮದೇವತೆ; ಇಷ್ಟು ದೊಡ್ಡ ಊರಿಗೆ ಇನ್ನೂ ಗ್ರಾಮದೇವತೆ ಇದ್ದಾಳೆ ಎಂಬುದು ಅವ್ವನಿಗೆ ಬಹಳ ಸಮಾಧಾನದ ವಿಷಯ. ಕೈಮುಗಿದು ತುಂಬ ಹೊತ್ತು ನಿಲ್ಲುತ್ತಾಳೆ. ಏನು ಕೇಳಿದೆ ಎಂದರೆ, "ಆ ಹುಡುಗಂದು ಪಾಸಾಗಲಿ ಅಂದೆ" ಎನ್ನುತ್ತಾಳೆ. ಕಣ್ಣಿನದು? "ಅದನ್ನ ಡಾಕ್ಟರಿಗೆ ಹೇಳೀವಲ್ಲ."

ರಾತ್ರಿ ಎಂಟು. ಲಾಡ್ಜಿನ ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ನಾವು ಕೂತಿದ್ದೇವೆ. ಉಳಿದ ರೊಟ್ಟಿ, ಚಟ್ನಿಯನ್ನು ಅವ್ವ ರೂಮಿನ ಹುಡುಗನಿಗೆ ಕೊಟ್ಟಿದ್ದಾಳೆ. ಅವನು ಮೆಟ್ಟಿಲಲ್ಲೇ ಕೂತು ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿನ್ನುತ್ತಿದ್ದಾನೆ. ಮ್ಯಾನೇಜರು ಕ್ಯಾಲೆಂಡರಿನ ಹಾಳೆ ಎತ್ತಿ ಮುಂದಿನ ತಿಂಗಳ ಒಂದು ಚೌಕದಲ್ಲಿ ಪೆನ್ಸಿಲಿನಿಂದ '107, ಅಮ್ಮ' ಎಂದು ಬರೆದಿದ್ದಾರೆ.

ಬಾಗಿಲಲ್ಲಿ ಗಂಡಹೆಂಡತಿ ಬಂದು ನಿಲ್ಲುತ್ತಾರೆ. ಗಂಡನ ತಲೆಯ ಮೇಲೆ ಗೋಣಿಚೀಲ, ಹೆಂಡತಿಯ ಕೈಯಲ್ಲಿ ಸ್ಟೀಲಿನ ಡಬ್ಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿದೆ. ಯಾರನ್ನು ಕೇಳಬೇಕೆಂದು ತಿಳಿಯದೆ ಮೊದಲು ನಮ್ಮನ್ನೇ ನೋಡುತ್ತಾರೆ. ಮ್ಯಾನೇಜರು ರಿಜಿಸ್ಟರು ತಿರುಗಿಸುತ್ತಾರೆ. ಗಂಡ ಪೆನ್ನು ಹಿಡಿದು ಹಾಗೇ ನಿಂತಿದ್ದಾನೆ. ಚಾಳೀಸು ಮನೆಯಲ್ಲೇ ಉಳಿಯಿತಂತೆ.

"ಬರದು ಕೊಡು" ಎನ್ನುತ್ತಾಳೆ ಅವ್ವ ನನಗೆ.

ನಾನು ಎದ್ದು ಹೋಗಿ ಪೆನ್ನು ತೆಗೆದುಕೊಳ್ಳುತ್ತೇನೆ. ಹೆಸರು, ಊರು, ವಯಸ್ಸು, ಎಲ್ಲಿಂದ, ಎಲ್ಲಿಗೆ. ಒಂದೊಂದಕ್ಕೂ ಗಂಡ ತಗ್ಗಿದ ದನಿಯಲ್ಲಿ ಉತ್ತರ ಹೇಳುತ್ತಾನೆ. "ಬಂದ ಕಾರಣ ಏನಂತ ಬರೀಲ್ರಿ?" ಎಂದರೆ ಸುಮ್ಮನಾಗಿ ಹೆಂಡತಿಯ ಮುಖ ನೋಡುತ್ತಾನೆ.

"ಮಗಳು ಇಲ್ಲೇ ನರ್ಸಿಂಗ್ ಓದಾಕ ಸೇರ್ಯಾಳ್ರಿ" ಎನ್ನುತ್ತಾಳೆ ಆಕೆ. "ಮೂರು ತಿಂಗಳಾತು. ಹಾಸ್ಟೆಲ್‌ನ್ಯಾಗ ಊಟ ಸೇರವಲ್ದು ಅಂದ್ಲು. ಬರೇ ನೋಡಿಕೊಂಡು ಹೋಗಾಕ ಬಂದೀವ್ರಿ."

ಮೇಲಿನ ಸಾಲುಗಳಲ್ಲಿ ವ್ಯಾಪಾರ, ಪರೀಕ್ಷೆ, ಆಸ್ಪತ್ರೆ. ನಾನು 'ಮಗಳನ್ನು ನೋಡಿಕೊಂಡು ಹೋಗಲು' ಎಂದು ಬರೆಯುತ್ತೇನೆ. ಅಂಕಣ ಸಾಲುವುದಿಲ್ಲ, ಅಕ್ಷರಗಳು 'ಎಷ್ಟು ದಿನ' ಎಂಬುದರೊಳಕ್ಕೆ ನುಗ್ಗುತ್ತವೆ. ಮ್ಯಾನೇಜರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದುತ್ತಾರೆ, ಗೋಡೆಯ ಗಡಿಯಾರವನ್ನು ನೋಡುತ್ತಾರೆ. ಎಂಟೂ ಐದು. ಬಂದ ಸಮಯದ ಜಾಗದಲ್ಲಿ ಅವರು 9:00 ಎಂದು ಬರೆಯುತ್ತಾರೆ.